ಬೂಷ್ಟು ಹಿಡಿದ ಕಾಳು ಯಾರ ತಟ್ಟೆಗೆ?



ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಬಹಳಷ್ಟು ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮೂಲೆಯಲ್ಲಿಟ್ಟ ಶೇಂಗಾ ಚೀಲದ ಬಾಯಿ ಬಿಚ್ಚಿದರೆ ಮುಗ್ಗಲು ವಾಸನೆ. ಒಳಗೆ ಕೈಹಾಕಿದರೆ ಕೆಲವು ಕಾಳುಗಳ ಮೇಲೆ ಹಳದಿ ಹಸಿರು ಬಣ್ಣದ ಪುಡಿ. ಇದನ್ನು ಏನು ಮಾಡುವುದು? ಅಜ್ಜಿ ಹೇಳುತ್ತಾರೆ, "ತೊಳೆದು ಬಿಸಿಲಿಗೆ ಹಾಕಿದರೆ ಸರಿಹೋಗುತ್ತದೆ." ಸೊಸೆ ಹೇಳುತ್ತಾಳೆ, "ಹುರಿದು ಖಾರ ಹಾಕಿ ಚಟ್ನಿಪುಡಿ ಮಾಡಿಬಿಡೋಣ, ವಾಸನೆ ಗೊತ್ತಾಗುವುದಿಲ್ಲ." ಮನೆಯ ಯಜಮಾನರು ಹೇಳುತ್ತಾರೆ, "ಗಾಣಕ್ಕೆ ಹಾಕಿದರೆ ಎಣ್ಣೆಯಾದರೂ ಬರುತ್ತದೆ, ಹಿಂಡಿ ಎಮ್ಮೆಗೆ ಆಗುತ್ತದೆ." ಇನ್ನೊಬ್ಬರು, "ಕೆಲಸದವಳಿಗೆ ಕೊಟ್ಟರೆ ಬೇಡ ಅನ್ನುವುದಿಲ್ಲ" ಎನ್ನುತ್ತಾರೆ. ಬಿಸಾಡಿ ಎಂದು ಹೇಳುವವರು ಮಾತ್ರ ಯಾರೂ ಇರುವುದಿಲ್ಲ. ಏಕೆಂದರೆ ಅನ್ನವನ್ನು ಬಿಸಾಡುವುದು ಪಾಪ ಎಂದು ನಾವು ಹಾಲು ಕುಡಿಯುವ ವಯಸ್ಸಿನಿಂದ ಕಲಿತಿದ್ದೇವೆ.

ಅದು ಒಳ್ಳೆಯ ಪಾಠವೇ. ಐದು ಸಾವಿರ ಜನ ಉಂಡು ತೃಪ್ತರಾದ ಮೇಲೆ ಉಳಿದ ತುಂಡುಗಳನ್ನು ಒಟ್ಟುಗೂಡಿಸಲು ಯೇಸುಸ್ವಾಮಿ ಶಿಷ್ಯರಿಗೆ ಹೇಳಿದ್ದನ್ನು ಸಂತ ಯೊವಾನ್ನರ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಓದುತ್ತೇವೆ. ಆಹಾರವನ್ನು ಬಿಸಾಡುವುದು ಬಡವರ ಊಟದ ಮೇಜಿನಿಂದ ಕದ್ದಂತೆ ಎಂಬ ಅರ್ಥದ ಮಾತನ್ನು ದಿವಂಗತ ಜಗದ್ಗುರು ಫ್ರಾನ್ಸಿಸ್ ಅವರು 2013ರ ಜೂನ್ 5ರಂದು ಹೇಳಿದರು. ಆದರೆ ಬೂಷ್ಟು ಹಿಡಿದ ಕಾಳಿನ ವಿಷಯದಲ್ಲಿ ಈ ಪಾಠವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಈ ಸಲದ ಅಂಕಣದಲ್ಲಿ ಅದನ್ನೇ ನೋಡೋಣ.

ಬೂಷ್ಟಿನಲ್ಲಿ ಅಡಗಿದ ವಿಷ

ಎಲ್ಲಾ ಬೂಷ್ಟೂ ವಿಷವಲ್ಲ. ಪೆನಿಸಿಲಿನ್ ಔಷಧ ಬಂದದ್ದೇ ಒಂದು ಬೂಷ್ಟಿನಿಂದ. ಆದರೆ ಶೇಂಗಾ, ಗೋವಿನಜೋಳ, ಹತ್ತಿಬೀಜ, ಒಣಮೆಣಸಿನಕಾಯಿ, ಒಣಕೊಬ್ಬರಿ ಇವುಗಳ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಬೇರೆ ಜಾತಿಯದು. ನಾವು ಕಾಣುವ ಹಳದಿ ಹಸಿರು ಪುಡಿ ಹೆಚ್ಚಾಗಿ ಇದರದೇ. ಇದು ಬೆಳೆಯುವಾಗ ಒಂದು ವಿಷವನ್ನು ಕಾಳಿನೊಳಗೆ ಬಿಡುತ್ತದೆ. ಅದರ ಹೆಸರು ಅಫ್ಲಾಟಾಕ್ಸಿನ್.

ಈ ವಿಷ ಲೋಕಕ್ಕೆ ಗೊತ್ತಾದದ್ದು 1960ರಲ್ಲಿ. ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತುಬಿದ್ದವು. ಮೊದಮೊದಲು ಯಾರಿಗೂ ಕಾರಣ ತಿಳಿಯಲಿಲ್ಲ. ಕೊನೆಗೆ ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿಯಲ್ಲಿ ಬೂಷ್ಟಿನ ವಿಷ ಸಿಕ್ಕಿತು.

ಇಲ್ಲಿ ಎರಡು ಸಂಗತಿಗಳನ್ನು ನೆನಪಿಡಬೇಕು. ಮೊದಲನೆಯದು, ಪುಡಿಯನ್ನು ತೊಳೆದರೆ ಬೂಷ್ಟು ಹೋಗುತ್ತದೆ, ಕಾಳಿನೊಳಗೆ ಇಳಿದ ವಿಷ ಹೋಗುವುದಿಲ್ಲ. ಎರಡನೆಯದು, ಬೇಯಿಸಿದರೆ ಬೂಷ್ಟು ಸಾಯುತ್ತದೆ, ವಿಷ ಸಾಯುವುದಿಲ್ಲ. ನೀರು ಕುದಿಯುವ ಕಾವಿಗೆ ಅಫ್ಲಾಟಾಕ್ಸಿನ್ ಜಗ್ಗುವುದಿಲ್ಲ. ಹುರಿದರೆ ಸ್ವಲ್ಪ ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ. ಬೆಳ್ಳುಳ್ಳಿ, ಖಾರ ಹಾಕಿದರೆ ಮುಚ್ಚುವುದು ವಾಸನೆ ಮಾತ್ರ.

ಒಂದು ಅಕ್ಷರ ತಪ್ಪಿದರೆ

ಹಾಗಾದರೆ ಈ ವಿಷ ದೇಹದಲ್ಲಿ ಮಾಡುವುದೇನು? ಅದನ್ನು ತಿಳಿಯಲು ನಮ್ಮ ಸಭೆಯವರೇ ಆದ ಒಬ್ಬ ಗುರುವನ್ನು ನೆನೆಯೋಣ. ಈಗ ಚೆಕ್ ಗಣರಾಜ್ಯದಲ್ಲಿರುವ ಬ್ರನೋ ನಗರದ ಅಗಸ್ಟೀನಿಯನ್ ಮಠದಲ್ಲಿ ಗ್ರೆಗರ್ ಮೆಂಡೆಲ್ ಎಂಬ ಗುರುಗಳು ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ಬೆಳೆಸಿ, ತಂದೆತಾಯಿಯ ಗುಣ ಮಕ್ಕಳಿಗೆ ಹೇಗೆ ಬರುತ್ತದೆ ಎಂದು ವರ್ಷಗಟ್ಟಲೆ ಲೆಕ್ಕವಿಟ್ಟರು. 1866ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಅವರು ಬೀಜಗಳಲ್ಲಿ ಗುರುತಿಸಿದ ಆ ಗುಣವಾಹಕಗಳನ್ನೇ ಇಂದು ನಾವು ಜೀನ್ ಅಥವಾ ವಂಶವಾಹಿ ಎನ್ನುತ್ತೇವೆ.

ನಮ್ಮ ಬಹುತೇಕ ಜೀವಕೋಶಗಳೊಳಗೆ ಡಿಎನ್‌ಎ ಎಂಬ ಒಂದು ಉದ್ದನೆಯ ಬರಹವಿದೆ. ಅದರಲ್ಲಿ ಇರುವುದು ನಾಲ್ಕೇ ನಾಲ್ಕು ಅಕ್ಷರ: ಎ, ಜಿ, ಸಿ, ಟಿ. ಈ ನಾಲ್ಕು ಅಕ್ಷರಗಳು ಸುಮಾರು 300 ಕೋಟಿ ಸಲ ಬೇರೆ ಬೇರೆ ಕ್ರಮದಲ್ಲಿ ಬಂದು ದೇಹವನ್ನು ಕಟ್ಟುವ, ನಡೆಸುವ ಸೂಚನೆಗಳಾಗಿವೆ. ಕೋಶ ಒಡೆದು ಎರಡಾಗುವಾಗಲೆಲ್ಲ ಈ ಬರಹದ ನಕಲು ಆಗುತ್ತದೆ. ಹಿಂದಿನ ಕಾಲದ ಮಠಗಳಲ್ಲಿ ಪವಿತ್ರ ಗ್ರಂಥವನ್ನು ಕೈಯಿಂದ ನಕಲು ಮಾಡುತ್ತಿದ್ದಂತೆ ಎನ್ನಿ. ನಕಲು ಮಾಡುವವರ ಕಣ್ಣು ತಪ್ಪಿ ಒಂದು ಅಕ್ಷರ ಬದಲಾದರೆ ಏನಾಗುತ್ತದೆ? ನಮ್ಮ ಕನ್ನಡದಲ್ಲೇ ನೋಡಿ, "ಹಾಲು" ಎಂಬಲ್ಲಿ ಒಂದು ಅಕ್ಷರ ತಪ್ಪಿದರೆ "ಹಾಳು".

ಅಫ್ಲಾಟಾಕ್ಸಿನ್ ಮಾಡುವುದು ಇಂಥ ಅಕ್ಷರದ ಕೇಡನ್ನೇ. ಹೊಟ್ಟೆ ಸೇರಿದ ವಿಷ ರಕ್ತದ ಮೂಲಕ ಯಕೃತ್ತಿಗೆ, ಅಂದರೆ ಲಿವರ್‌ಗೆ ಬರುತ್ತದೆ. ಯಕೃತ್ತು ನಮ್ಮ ದೇಹದ ಅಗಸ. ಬಂದ ಕೊಳೆಯನ್ನೆಲ್ಲ ತೊಳೆದು ಹೊರಹಾಕುವುದು ಅದರ ಕೆಲಸ. ಅದು ಈ ವಿಷವನ್ನೂ ತೊಳೆಯಲು ಹೊರಟು ಅದರ ರೂಪವನ್ನು ಬದಲಿಸುತ್ತದೆ. ದುರದೃಷ್ಟಕ್ಕೆ ಆ ಬದಲಾದ ರೂಪವೇ ಹೆಚ್ಚು ಕ್ರೂರ. ಅದು ಡಿಎನ್‌ಎಯ ಜಿ ಅಕ್ಷರಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಜಿಗಣೆಯಂತೆ ಅಂಟಿದ ಆ ಅಕ್ಷರವನ್ನು ಕೋಶ ಸರಿಯಾಗಿ ಓದಲಾರದೆ, ನಕಲು ಮಾಡುವಾಗ ಜಿ ಇದ್ದಲ್ಲಿ ಟಿ ಎಂದು ಬರೆದುಬಿಡಬಹುದು.

ಈ ತಪ್ಪು ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಮ್ಮ ಕೋಶಗಳಲ್ಲಿ ಪಿ53 ಎಂಬ ಒಂದು ಕಾವಲುಗಾರ ಜೀನ್ ಇದೆ. ಕೆಟ್ಟುಹೋದ ಕೋಶ ಬೆಳೆಯದಂತೆ ತಡೆಯುವುದು, ಸರಿಪಡಿಸಲಾಗದಿದ್ದರೆ ಅದು ತಾನಾಗಿ ಸಾಯುವಂತೆ ಮಾಡುವುದು ಇದರ ಕೆಲಸ. ಮೂರು ಮೂರು ಅಕ್ಷರದ 393 ಪದಗಳಲ್ಲಿ ಈ ಕಾವಲುಗಾರನ ಸೂಚನೆ ಬರೆದಿದೆ. 1991ರಲ್ಲಿ ಚೀನಾದ ಚಿತುಂಗ್ ಪ್ರದೇಶದಿಂದಲೂ ಆಫ್ರಿಕಾದ ದಕ್ಷಿಣ ಭಾಗದಿಂದಲೂ ಒಂದೇ ಬಗೆಯ ಸುದ್ದಿ ಬಂತು. ಎರಡೂ ಕಡೆ ಜನರ ಊಟದಲ್ಲಿ ಈ ವಿಷ ಹೆಚ್ಚು, ಯಕೃತ್ತಿನ ಕ್ಯಾನ್ಸರೂ ಹೆಚ್ಚು. ರೋಗಿಗಳ ಗೆಡ್ಡೆಗಳನ್ನು ಪರೀಕ್ಷಿಸಿದಾಗ, ಚೀನಾದಲ್ಲಿ ಅರ್ಧದಷ್ಟು ಜನರಲ್ಲಿ, ಪಿ53ರ 249ನೇ ಪದದ ಮೂರನೇ ಅಕ್ಷರವೇ ಜಿ ಇಂದ ಟಿ ಆಗಿತ್ತು. ಸಾವಿರಾರು ಮೈಲಿ ದೂರದ ಎರಡು ಊರುಗಳಲ್ಲಿ ಒಂದೇ ಕಳ್ಳ ಒಂದೇ ಬೀಗವನ್ನು ಒಡೆದಂತೆ. ಕಾವಲುಗಾರ ಬಿದ್ದ ಮೇಲೆ ಕೆಟ್ಟ ಕೋಶಗಳನ್ನು ತಡೆಯುವವರು ಯಾರು? ಹಲವು ವರ್ಷಗಳ ನಂತರ ಅದು ಕ್ಯಾನ್ಸರ್ ಆಗಿ ಕಾಣಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಫ್ಲಾಟಾಕ್ಸಿನನ್ನು ಮನುಷ್ಯರಿಗೆ ಖಂಡಿತ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಯಲ್ಲೇ ಇಟ್ಟಿದೆ.

ಇದನ್ನು ಓದಿ ಯಾರೂ ಗಾಬರಿಯಾಗಬೇಕಿಲ್ಲ. ದೇವರು ಕೊಟ್ಟ ಈ ದೇಹದಲ್ಲಿ ತಪ್ಪು ತಿದ್ದುವ ವ್ಯವಸ್ಥೆಯೂ ಇದೆ. ಅಂಟಿಕೊಂಡ ವಿಷವನ್ನು ಕತ್ತರಿಸಿ ತೆಗೆದು ಸರಿಯಾದ ಅಕ್ಷರವನ್ನು ಕೂರಿಸುವ ಕೆಲಸ ಕೋಶಗಳಲ್ಲಿ ಹಗಲೂ ರಾತ್ರಿ ನಡೆಯುತ್ತಿದೆ. ಎಂದೋ ಒಂದು ದಿನ ಬಾಯಿಗೆ ಬಂದ ಕಹಿ ಕಾಳಿನಿಂದ ಕ್ಯಾನ್ಸರ್ ಬರುತ್ತದೆ ಎಂದಲ್ಲ. ದಿನವೂ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ತಿನ್ನುತ್ತಾ ಹೋದರೆ ತಿದ್ದುವವನೂ ಸೋಲುತ್ತಾನೆ. ಯಕೃತ್ತಿನಲ್ಲಿ ಆದ ಈ ಅಕ್ಷರ ದೋಷ ಮುಂದೆ ಹುಟ್ಟುವ ಮಕ್ಕಳಿಗೆ ವಂಶವಾಗಿ ಹೋಗುವುದಿಲ್ಲ. ಆದರೆ ಗರ್ಭಿಣಿ ತಿಂದ ವಿಷ ಹೊಟ್ಟೆಯಲ್ಲಿರುವ ಕೂಸಿಗೂ, ಬಾಣಂತಿ ತಿಂದದ್ದು ಎದೆಹಾಲಿಗೂ ಸ್ವಲ್ಪ ಮಟ್ಟಿಗೆ ಇಳಿಯುತ್ತದೆ.

ಇನ್ನೊಂದು ಮುಖ್ಯ ಮಾತು. ಹೆಪಟೈಟಿಸ್ ಬಿ ಎಂಬ ಕಾಮಾಲೆ ವೈರಸ್ ದೇಹದಲ್ಲಿದ್ದರೆ ಈ ವಿಷದ ಬಲ ಬಹಳ ಹೆಚ್ಚುತ್ತದೆ. ಚೀನಾದ ಶಾಂಘೈ ನಗರದ ಗಂಡಸರಲ್ಲಿ ನಡೆದು 1990ರ ದಶಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಫ್ಲಾಟಾಕ್ಸಿನ್ ಮಾತ್ರ ಇದ್ದವರಿಗೆ ಯಕೃತ್ತಿನ ಕ್ಯಾನ್ಸರ್ ಬರುವ ಅಪಾಯ ಸುಮಾರು 3 ಪಟ್ಟು, ವೈರಸ್ ಮಾತ್ರ ಇದ್ದವರಿಗೆ ಸುಮಾರು 7 ಪಟ್ಟು, ಎರಡೂ ಇದ್ದವರಿಗೆ ಸುಮಾರು 60 ಪಟ್ಟು ಎಂದು ಕಂಡಿತು. ಆದ್ದರಿಂದ ಮಗು ಹುಟ್ಟಿದ ಕೂಡಲೇ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಹೆಪಟೈಟಿಸ್ ಬಿ ಲಸಿಕೆಯನ್ನು ತಪ್ಪಿಸಬೇಡಿ. ಅದು ಕಾಮಾಲೆಯಿಂದ ಮಾತ್ರವಲ್ಲ, ಕ್ಯಾನ್ಸರಿನಿಂದಲೂ ಕಾಪಾಡುವ ಲಸಿಕೆ.

ನಮ್ಮ ನಾಡಿನಲ್ಲಿ ನಡೆದದ್ದು

ಇದೆಲ್ಲ ಚೀನಾ, ಆಫ್ರಿಕಾದ ಕಥೆ ಎನ್ನಬೇಡಿ. 1974ರಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳ ಹಳ್ಳಿಗಳಲ್ಲಿ ಜನರಿಗೆ ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬತೊಡಗಿತು. ಸುಮಾರು 400 ಜನ ಹಾಸಿಗೆ ಹಿಡಿದರು, 106 ಜನ ತೀರಿಕೊಂಡರು. ಅವರ ಮನೆಯ ನಾಯಿಗಳಿಗೂ ಅದೇ ಕಾಯಿಲೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವೈದ್ಯರು ಹುಡುಕಿದಾಗ ಸಿಕ್ಕ ಕಾರಣ, ಅಕಾಲ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಗೋವಿನಜೋಳ. ಅದನ್ನು ಉಂಡವರು ಹೆಚ್ಚಾಗಿ ಬಡ ಆದಿವಾಸಿಗಳು. ಮನೆಯಲ್ಲಿ ಬೇರೆ ಕಾಳು ಇರಲಿಲ್ಲ.

1995ರಲ್ಲಿ ಇನ್ನೂ ಹತ್ತಿರಕ್ಕೆ ಬಂತು. ಕರ್ನಾಟಕ ಮತ್ತು ಆಂಧ್ರದ ದಖ್ಖನ್ ಹಳ್ಳಿಗಳಲ್ಲಿ ಕೊಯ್ಲಿನ ಹೊತ್ತಿಗೆ ಮಳೆ ಬಂದು ಜೋಳ, ಗೋವಿನಜೋಳ ನೆನೆದು ಕಪ್ಪಾದವು. ಆ ಹಿಟ್ಟಿನ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಹೊಟ್ಟೆಯಲ್ಲಿ ಗುಡುಗುಡು ಸದ್ದು, ಭೇದಿ. ಅದು ಫ್ಯುಮೊನಿಸಿನ್ ಎಂಬ ಬೇರೊಂದು ಬೂಷ್ಟಿನ ವಿಷ. ವಿಷ ಬೇರೆಯಾದರೂ ಕಥೆ ಅದೇ: ಅಕಾಲ ಮಳೆ, ಒಣಗದ ಕಾಳು, ಬಡವರ ತಟ್ಟೆ.

ಆದರೆ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ್ದು ಮೈಸೂರಿನ ಮಕ್ಕಳ ಕಥೆ. ಅಲ್ಲಿನ ವೈದ್ಯರೂ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಸೇರಿ 1971ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಒಳ್ಳೆಯ ಊಟವಿಲ್ಲದೆ ಮೈ ಊದಿಕೊಂಡ 20 ಪುಟ್ಟ ಮಕ್ಕಳು, ಒಂದೂವರೆ ವರ್ಷದಿಂದ ಐದು ವರ್ಷದವರು. ಅವರಿಗೆ ಶಕ್ತಿ ಬರಲೆಂದು ದಿನಕ್ಕೆ 30ರಿಂದ 60 ಗ್ರಾಂ ಶೇಂಗಾ ಹಿಟ್ಟು ಕೊಡಲಾಗಿತ್ತು. ಆ ಹಿಟ್ಟಿನಲ್ಲಿ ಒಂದು ಕಿಲೋಗೆ ಸುಮಾರು 300 ಮೈಕ್ರೋಗ್ರಾಂ ಅಫ್ಲಾಟಾಕ್ಸಿನ್ ಇತ್ತು ಎಂಬುದು ಕೊಟ್ಟವರಿಗೆ ತಿಳಿದಿರಲಿಲ್ಲ. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗ. ಕಣ್ಣಿಗೆ ಕಾಣದ, ನಾಲಿಗೆಗೆ ತಿಳಿಯದ ಪ್ರಮಾಣ. ಕೆಲವರು ಅದನ್ನು ತಿಂದದ್ದು ಐದೇ ದಿನ, ಕೆಲವರು ಒಂದು ತಿಂಗಳು. ಮಕ್ಕಳ ಯಕೃತ್ತು ದೊಡ್ಡದಾಯಿತು, ಮುಂದೆ ಗಟ್ಟಿಯಾಗಿ ಸಿರೋಸಿಸ್ ಎಂಬ ಕಾಯಿಲೆಗೆ ತಿರುಗಿತು. ಇಂದು ನಮ್ಮ ದೇಶದ ಕಾನೂನು ಧಾನ್ಯ, ಬೇಳೆಕಾಳುಗಳಲ್ಲಿ ಕಿಲೋಗೆ 15 ಮೈಕ್ರೋಗ್ರಾಂಗಿಂತ ಹೆಚ್ಚು ಇರಬಾರದು ಎನ್ನುತ್ತದೆ. ಅಂದರೆ ಆ ಮಕ್ಕಳು ತಿಂದದ್ದು ಅದರ 20 ಪಟ್ಟು.

ಕೊಟ್ಟವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಹಸಿದ ಮಗುವಿಗೆ ಅನ್ನ ಕೊಡಬೇಕೆಂಬ ದಯೆ ಇತ್ತು. ಆದರೆ ಈ ವಿಷಕ್ಕೆ ನಮ್ಮ ದಯೆ ಕಾಣುವುದಿಲ್ಲ. ಅದಕ್ಕೂ ಮಿಗಿಲಾಗಿ, ಮೊದಲೇ ಸೊರಗಿದ ದೇಹವನ್ನೇ ಅದು ಹೆಚ್ಚು ಹಿಂಡುತ್ತದೆ.

ನಮ್ಮ ಗಡಿಭಾಗದಲ್ಲಿ

ಮಿರಜ ತಾಲೂಕಿನ ಕವಲಾಪುರದಿಂದ ಜತ್ತದವರೆಗಿನ ನಮ್ಮ ಈ ಗಡಿ ಸೀಮೆಯಲ್ಲಿ ಹೊಲಕ್ಕೆ ಎರಡು ಬಗೆಯ ಕಷ್ಟ. ಪೂರ್ವಕ್ಕೆ ಹೋದಂತೆ ಬರ. ಶೇಂಗಾ ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ನೆಲ ಕಾದರೆ, ಕಾಯಿ ಇನ್ನೂ ಮಣ್ಣಿನೊಳಗೆ ಇರುವಾಗಲೇ ಈ ಶಿಲೀಂಧ್ರ ಹೊಕ್ಕುತ್ತದೆ. ಪಶ್ಚಿಮಕ್ಕೆ ಹೋದಂತೆ ನೀರು. 2005ರಲ್ಲೂ 2019ರ ಆಗಸ್ಟ್‌ನಲ್ಲೂ ಕೃಷ್ಣಾ ನದಿ ಉಕ್ಕಿ ಸಾಂಗ್ಲಿಗೆ ನುಗ್ಗಿದ್ದನ್ನು ನಾವು ಮರೆತಿಲ್ಲ. ನೆರೆಯಲ್ಲಿ ನೆನೆದ ಚೀಲದ ಕಾಳನ್ನು ಮತ್ತೆ ಒಣಗಿಸಿ ಬಳಸುವ ಆಸೆ ಸಹಜ. ಹಿಂದೆ ನೆಲದೊಳಗಿನ ಹಗೇವಿನಲ್ಲಿ ಜೋಳ ತುಂಬುತ್ತಿದ್ದ ಹಿರಿಯರಿಗೂ ಒಂದು ಮಾತು ಗೊತ್ತಿತ್ತು: ಹಸಿ ಕಾಳು ಹಗೇವಿಗೆ ಇಳಿಯಬಾರದು.

ಆ ಮಾತೇ ಇಂದಿಗೂ ಮೊದಲ ಔಷಧ. ಮನೆಯಲ್ಲಿ ಮಾಡಬಹುದಾದದ್ದು ಇಷ್ಟು:

ಶೇಂಗಾ ಕಿತ್ತ ಮೇಲೆ ರಾಶಿ ಹಾಕಿ ಬಿಡಬೇಡಿ. ಬರಿ ನೆಲದ ಮೇಲಲ್ಲ, ತಾಡಪತ್ರೆಯ ಮೇಲೆ ತೆಳುವಾಗಿ ಹರಡಿ ಒಣಗಿಸಿ. ಕಾಯಿ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು. ಜೋಳದ ಕಾಳು ಹಲ್ಲಿನಲ್ಲಿ ಕಚ್ಚಿದರೆ ಕಟ್ಟನೆ ಮುರಿಯಬೇಕು, ಅಪ್ಪಚ್ಚಿಯಾಗಬಾರದು.

ಚೀಲಗಳನ್ನು ಗೋಡೆಗೆ ತಾಗಿಸಿ, ನೆಲದ ಮೇಲೆ ಇಡಬೇಡಿ. ಕೆಳಗೆ ಹಲಗೆ ಇರಲಿ, ಗಾಳಿ ಆಡಲಿ. ಬೇವಿನ ಎಲೆ ಹುಳುವನ್ನು ದೂರವಿಡಬಹುದು, ಆದರೆ ತೇವದ ಕಾಳಿಗೆ ಬೂಷ್ಟು ಬರುವುದನ್ನು ನಿಲ್ಲಿಸಲಾರದು.

ಶೇಂಗಾ ಸುಲಿದು ಆರಿಸುವಾಗ ಸುಕ್ಕುಗಟ್ಟಿದ, ಒಡೆದ, ಬಣ್ಣಗೆಟ್ಟ, ಮೊಳಕೆ ಬಂದ ಬೀಜಗಳನ್ನು ಬೇರೆ ಮಾಡಿ. ವಿಷದ ಬಹುಪಾಲು ಇಂಥ ಕೆಲವೇ ಬೀಜಗಳಲ್ಲಿ ಇರುತ್ತದೆ. ನಮ್ಮ ಅಜ್ಜಿಯಂದಿರು ಮೊರ ಹಿಡಿದು ಕೂತು ಮಾಡುತ್ತಿದ್ದ ಕೆಲಸ ಕಾಲಹರಣವಾಗಿರಲಿಲ್ಲ, ಅದು ಮನೆಮಂದಿಯ ರಕ್ಷಣೆ. ಬಾಯಿಗೆ ಕಹಿ ಬೀಜ ಬಂದರೆ ನುಂಗದೆ ಉಗುಳಲು ಮಕ್ಕಳಿಗೆ ಕಲಿಸಿ.

ಆರಿಸಿ ತೆಗೆದದ್ದನ್ನು ಗಾಣಕ್ಕೆ ಹಾಕಬೇಡಿ. ಶುದ್ಧೀಕರಿಸದ ಗಾಣದ ಎಣ್ಣೆಯಲ್ಲಿ ವಿಷದ ಒಂದು ಪಾಲು ಉಳಿಯುತ್ತದೆ, ಹಿಂಡಿಯಲ್ಲಿ ಇನ್ನೂ ಹೆಚ್ಚು. ಆ ಹಿಂಡಿ ತಿಂದ ಎಮ್ಮೆ ಆಕಳಿನ ಹಾಲಿಗೆ ಅದೇ ವಿಷ ಬೇರೆ ರೂಪದಲ್ಲಿ ಬರುತ್ತದೆ. ಹಾಲು ಕಾಯಿಸಿದರೂ ಹೋಗುವುದಿಲ್ಲ. ಅದಕ್ಕಾಗಿಯೇ ಕಾನೂನು ಹಾಲಿಗೆ ಕಿಲೋಗೆ 0.5 ಮೈಕ್ರೋಗ್ರಾಂ ಎಂಬ ಬಿಗಿಯಾದ ಮಿತಿ ಇಟ್ಟಿದೆ. ಬಿಸಾಡಲು ಮನಸ್ಸು ಬಾರದೆ ಎಮ್ಮೆಗೆ ಹಾಕಿದ್ದು ಮರುದಿನ ನಮ್ಮ ಮಗುವಿನ ಲೋಟಕ್ಕೇ ಬರುತ್ತದೆ.

ಯಾರ ತಟ್ಟೆಗೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬೂಷ್ಟಿನ ಕಾಳನ್ನು ಬಿಸಾಡುವುದು ಪಾಪವೇ? ಅಂದು ಯೇಸುಸ್ವಾಮಿ ಒಟ್ಟುಗೂಡಿಸಲು ಹೇಳಿದ್ದು ಅದೇ ದಿನ ಉಂಡು ಉಳಿದ ಒಳ್ಳೆಯ ರೊಟ್ಟಿಯನ್ನು. ವಿಮೋಚನಾಕಾಂಡದಲ್ಲಿ ಬೆಳಗಿನವರೆಗೆ ಇಟ್ಟ ಮನ್ನಾ ಹುಳುಬಿದ್ದು ನಾರಿದಾಗ ಮೋಶೆ ಸಿಟ್ಟಾದದ್ದು ಇಟ್ಟುಕೊಂಡವರ ಮೇಲೆ. ಯಾಜಕಕಾಂಡದ 14ನೇ ಅಧ್ಯಾಯದಲ್ಲಿ ಮನೆಯ ಗೋಡೆಗೆ ಹಸಿರು ಕೆಂಪು ಕಲೆ ಹಿಡಿದರೆ, ಆ ಕಲ್ಲುಗಳನ್ನು ಕಿತ್ತು ಊರ ಹೊರಗೆ ಹಾಕಿಸಬೇಕೆಂದಿದೆ. ಕೆಟ್ಟದ್ದನ್ನು ದೂರ ಮಾಡುವುದು ನಮ್ಮ ಪವಿತ್ರ ಗ್ರಂಥಕ್ಕೆ ಹೊಸ ಮಾತಲ್ಲ.

ಹಾಗಾದರೆ ಪಾಪ ಎಲ್ಲಿದೆ? ಪ್ರವಾದಿ ಆಮೋಸರು ಯಾರ ಮೇಲೆ ಗುಡುಗಿದರು ಎಂದು 8ನೇ ಅಧ್ಯಾಯದಲ್ಲಿ ನೋಡಿ. ಗೋದಿಯ ಕಸವನ್ನೂ ಬಡವರಿಗೆ ಮಾರಿ ಹಣ ಮಾಡಿಕೊಳ್ಳಲು ಹವಣಿಸಿದ ವ್ಯಾಪಾರಿಗಳ ಮೇಲೆ. ನಮ್ಮ ಮನೆಗೆ ಬೇಡವಾದ ಕಾಳನ್ನು ಕೆಲಸದವಳ ಸೆರಗಿಗೆ ಸುರಿದರೆ, ಒಳ್ಳೆಯ ಕಾಳಿನ ಜೊತೆ ಬೆರೆಸಿ ಪೇಟೆಗೆ ಕಳಿಸಿದರೆ ನಾವೂ ಅದೇ ಸಾಲಿಗೆ ಸೇರುತ್ತೇವೆ. ಆಕೆ ಬೇಡ ಅನ್ನುವುದಿಲ್ಲ ನಿಜ. ಪಂಚಮಹಲಿನ ಆದಿವಾಸಿಗಳೂ ಬೇಡ ಅನ್ನಲಿಲ್ಲ. ಬೇಡ ಅನ್ನುವ ಶಕ್ತಿ ಇಲ್ಲದವರಿಗೆ ಕೊಡುವುದು ದಾನವಲ್ಲ.

ರೈತನ ಕಷ್ಟವೂ ನನಗೆ ತಿಳಿಯದ್ದೇನಲ್ಲ. ವರ್ಷದ ಬೆಳೆ ಮಳೆಗೆ ನೆನೆದಾಗ ಬಿಸಾಡು ಎಂದು ಹೇಳುವುದು ಸುಲಭ, ಬಿಸಾಡುವುದು ಕಷ್ಟ. ಆದ್ದರಿಂದ ಇದು ಒಂದು ಮನೆಯ ಕೆಲಸವಷ್ಟೇ ಆಗಬಾರದು. ನಾಲ್ಕಾರು ಮನೆಯವರು ಸೇರಿ ತಾಡಪತ್ರೆ ಕೊಂಡು ಸರದಿಯಲ್ಲಿ ಬಳಸಬಹುದು. ಕೊಯ್ಲಿನ ವಾರಗಳಲ್ಲಿ ದೇವಾಲಯದ ಅಂಗಳವನ್ನು ಕಾಳು ಒಣಗಿಸಲು ಬಿಟ್ಟುಕೊಡುವಂತೆ ಸ್ವಾಮಿಗಳನ್ನು ಕೇಳಬಹುದು. ಬೆಳೆ ಹಾಳಾದ ಮನೆಗೆ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಒಂದು ಚೀಲ ಒಳ್ಳೆಯ ಜೋಳ ಮುಟ್ಟಿಸಿದರೆ, ಆ ಮನೆಯವರು ಕೆಟ್ಟ ಕಾಳನ್ನು ಧೈರ್ಯವಾಗಿ ಬಿಡಬಲ್ಲರು. ಧರ್ಮಕೇಂದ್ರಕ್ಕೆ ದಾನವಾಗಿ ಬಂದ ಧಾನ್ಯವನ್ನು ಹಂಚುವ ಮೊದಲು ಒಮ್ಮೆ ಮೊರದಲ್ಲಿ ಹಾಕಿ ನೋಡುವ ಪದ್ಧತಿ ಇರಲಿ. ಕೆಟ್ಟ ಕಾಳನ್ನು ದನ, ಕೋಳಿ ಮುಟ್ಟದ ಜಾಗದಲ್ಲಿ ಗುಂಡಿ ತೋಡಿ ಹೂಳಿ.

ಅನುದಿನದ ಆಹಾರಕ್ಕಾಗಿ ನಾವು ದಿನವೂ ಪ್ರಾರ್ಥಿಸುತ್ತೇವೆ. ಆ ಪ್ರಾರ್ಥನೆಯಲ್ಲಿ "ನನಗೆ" ಎಂಬ ಪದವಿಲ್ಲ, "ನಮಗೆ" ಎಂದಿದೆ. ಅಲ್ಲಿಯೂ ಒಂದೇ ಅಕ್ಷರದ ವ್ಯತ್ಯಾಸ. ನಮ್ಮ ತಟ್ಟೆಗೆ ಆಗದ್ದು ಇನ್ನೊಬ್ಬರ ತಟ್ಟೆಗೂ ಆಗದು ಎಂಬುದನ್ನು ಈ ಸುಗ್ಗಿಯಲ್ಲಿ ನೆನಪಿಡೋಣ. ನಿಮ್ಮ ಮನೆಯ ಕಣಜ ಒಣಗಿರಲಿ, ತುಂಬಿರಲಿ.